ವೆಬ್‌ವ್ಯೂ ಒಳಗೆ ಏನಾಯ್ತು ಅಂತ ಆ್ಯಪ್‌ಗೆ ಗೊತ್ತಾಗೋದು ಹೇಗೆ: ಯಾವ ಕೆಲಸಕ್ಕೆ ಯಾವ ದಾರಿ

ಹುಬ್ಬಳ್ಳಿ-ಧಾರವಾಡದ ಸಣ್ಣ ಟೀಮುಗಳಿಗೆ ಬರುವ ಆ್ಯಪ್ ಕೆಲಸ ಬಹಳಷ್ಟು ಒಂದೇ ತರಹದ್ದು. ಗ್ರಾಹಕರ ಹತ್ತಿರ ವೆಬ್‌ಸೈಟ್ ಮೊದಲೇ ಇರುತ್ತದೆ, ಅದನ್ನೇ ಆ್ಯಪ್ ಮಾಡಿಕೊಡಿ ಅಂತಾರೆ. ಧಾರವಾಡದ ಕೋಚಿಂಗ್ ಸೆಂಟರಿನ ಮಾಕ್ ಟೆಸ್ಟ್ ಇರಬಹುದು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಆರ್ಡರ್ ಪೇಜ್ ಇರಬಹುದು, ಗದಗಿನ ಕಾಲೇಜೊಂದರ ಫೀ ಕಟ್ಟುವ ಪೇಜ್ ಇರಬಹುದು. ಮೇಲೊಂದು ಟೈಟಲ್ ಬಾರ್, ಕೆಳಗೊಂದು ಮೆನು, ನಡುವೆ ವೆಬ್‌ವ್ಯೂ. ಕೊಟ್ಟ ಹೊಸದರಲ್ಲಿ ಎಲ್ಲರೂ ಖುಷಿ. ಆಮೇಲೆ ಫೋನ್ ಶುರುವಾಗುತ್ತದೆ: "ಸರ್, ರೊಕ್ಕ ಹೋಗೇತ್ರಿ, ಆ್ಯಪ್‌ನ್ಯಾಗ ತೋರ್ಸವಲ್ದು."

ವೆಬ್‌ವ್ಯೂ ಅನ್ನೋದು ಆ್ಯಪ್ ಒಳಗೆ ಕೂತ ಬೇರೆಯದೇ ಬ್ರೌಸರ್. ಅದರೊಳಗೆ ನಡೆದದ್ದು ಹೊರಗಿನ ಆ್ಯಪ್‌ಗೆ ತಾನಾಗಿ ಗೊತ್ತಾಗೋದಿಲ್ಲ, ನಾವೇ ಕಿವಿ ಇಡಬೇಕು. ಕಿವಿ ಇಡೋಕೆ ದಾರಿಗಳು ಜಾಸ್ತಿ ಇವೆ. ತೊಂದರೆ ಇರೋದೂ ಅಲ್ಲೇ: ಹುಡುಕಿದಾಗ ಮೊದಲು ಸಿಕ್ಕ ಕೋಡನ್ನು ಅಂಟಿಸಿಬಿಡ್ತೀವಿ, ಅದು ಬೇರೆ ಯಾವುದೋ ಪ್ರಶ್ನೆಗೆ ಉತ್ತರವಾಗಿರುತ್ತದೆ.

ನನ್ನ ಪ್ರಕಾರ ಕೋಡ್ ಬರೆಯುವ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳಬೇಕು. ಒಂದು, ನಿಮಗೆ ಗೊತ್ತಾಗಬೇಕಾದ್ದು ಏನು: ಪೇಜ್ ಲೋಡ್ ಆಗಿದ್ದಾ, ವಿಳಾಸ ಬದಲಾಗಿದ್ದಾ, ಇಲ್ಲಾ ಪೇಜ್ ಒಳಗೆ ಯಾರೋ ಬಟನ್ ಒತ್ತಿದ್ದಾ? ಎರಡು, ಆ ಪೇಜ್ ಯಾರದ್ದು? ನಿಮ್ಮದೇ ಆಗಿದ್ದರೆ ಅಥವಾ ಬರೆದವರು ನಿಮ್ಮ ಮಾತು ಕೇಳುವವರಾಗಿದ್ದರೆ ದಾರಿ ಒಂದು. ಬ್ಯಾಂಕಿನದೋ ಬೇರೆ ಕಂಪನಿಯದೋ ಆಗಿದ್ದರೆ ದಾರಿಯೇ ಬೇರೆ. ಐಒಎಸ್ಸಾ ಆಂಡ್ರಾಯ್ಡಾ ಫ್ಲಟರಾ ಅನ್ನೋದು ಇವೆರಡರ ಆಮೇಲಿನ ಮಾತು.

ಐಫೋನಿನಲ್ಲಿ: ಡೆಲಿಗೇಟಾ, ಕೆವಿಒನಾ?

ಐಫೋನಿನ ವೆಬ್‌ವ್ಯೂ ಹೆಸರು ಡಬ್ಲ್ಯುಕೆವೆಬ್‌ವ್ಯೂ, ಅದು 2014ರಲ್ಲಿ ಐಒಎಸ್ 8ರ ಜೊತೆ ಬಂತು. ಅವತ್ತಿನಿಂದಲೂ ಎರಡು ದಾರಿ ಇವೆ. ನ್ಯಾವಿಗೇಶನ್ ಡೆಲಿಗೇಟ್, ಅಂದರೆ ವೆಬ್‌ವ್ಯೂ ಸುದ್ದಿ ಮುಟ್ಟಿಸಲಿ ಅಂತ ನಾವು ಕೊಡುವ ಆಬ್ಜೆಕ್ಟ್, ಘಟನೆಗಳನ್ನು ಹೇಳುತ್ತದೆ: ಲೋಡ್ ಶುರುವಾಯ್ತು, ಪೇಜ್ ಬರೋಕೆ ಹತ್ತಿತು, ಮುಗಿಯಿತು, ಕೆಟ್ಟಿತು. ಕೆವಿಒ, ಅಂದರೆ ಕೀ-ವ್ಯಾಲ್ಯೂ ಅಬ್ಸರ್ವಿಂಗ್, ಪ್ರಾಪರ್ಟಿ ಬದಲಾದಾಗೆಲ್ಲ ಹೇಳುತ್ತದೆ: ಟೈಟಲ್, ಯುಆರ್‌ಎಲ್, ಲೋಡ್ ಆಗ್ತಾ ಇದೆಯಾ, ಎಷ್ಟು ಆಗಿದೆ, ಹಿಂದೆ ಹೋಗೋಕೆ ಆಗುತ್ತಾ.

ಪ್ರೋಗ್ರೆಸ್ ಬಾರ್ ಬೇಕಾದರೆ ಯೋಚನೆ ಬೇಡ, ಕೆವಿಒನೇ. ಎಸ್ಟಿಮೇಟೆಡ್‌ಪ್ರೋಗ್ರೆಸ್ ಅನ್ನುವ ಪ್ರಾಪರ್ಟಿ 0ರಿಂದ 1ರವರೆಗೆ ಹೋಗುತ್ತದೆ, ಡೆಲಿಗೇಟ್‌ನಲ್ಲಿ ಅದಕ್ಕೆ ಕಾಲ್‌ಬ್ಯಾಕೇ (ಏನಾದರೂ ನಡೆದಾಗ ತಾನಾಗಿ ಓಡುವ ನಮ್ಮ ಫಂಕ್ಷನ್) ಇಲ್ಲ. ಹೆಸರಲ್ಲೇ ಇರುವಂತೆ ಅದೊಂದು ಅಂದಾಜು ಅಷ್ಟೇ. ಅದು 1 ಮುಟ್ಟಿತು ಅಂದ ತಕ್ಷಣ ಪೇಜ್ ಒಳಗಿನ ಜಾವಾಸ್ಕ್ರಿಪ್ಟ್ ತನ್ನ ಕೆಲಸ ಮುಗಿಸಿದೆ ಅಂತ ತಿಳಿಯಬೇಡಿ.

ಟೈಟಲ್‌ಗೂ ಕೆವಿಒನೇ ವಾಸಿ. ಲೋಡ್ ಮುಗಿದ ಕಾಲ್‌ಬ್ಯಾಕ್‌ನಲ್ಲಿ ಟೈಟಲ್ ಓದಿಕೊಂಡರೆ ಆ ಕ್ಷಣದಲ್ಲಿ ಇದ್ದದ್ದು ಸಿಗುತ್ತದೆ, ಈಗಿನ ಪೇಜುಗಳು ಟೈಟಲ್ ಅನ್ನು ಆಮೇಲೆ ಜಾವಾಸ್ಕ್ರಿಪ್ಟಿನಲ್ಲಿ ಬದಲಿಸುತ್ತವೆ.

ವಿಳಾಸದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಯಾಕಂದರೆ ಜನ ಜಾಸ್ತಿ ಎಡವೋದು ಇಲ್ಲೇ. ರಿಯಾಕ್ಟ್, ವ್ಯೂ (Vue) ಅಂಥ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಬರೆದ ಸೈಟು ಒಂದು ಸಲ ಲೋಡ್ ಆದ ಮೇಲೆ ಮತ್ತೆ ಲೋಡ್ ಆಗೋದೇ ಇಲ್ಲ. ವಿದ್ಯಾರ್ಥಿ ಪ್ರಶ್ನೆಯಿಂದ ಪ್ರಶ್ನೆಗೆ ಹೋದಾಗ ಹಿಸ್ಟರಿ ಪುಶ್‌ಸ್ಟೇಟ್ ಮಾಡಿ ವಿಳಾಸ ಮಾತ್ರ ಬದಲಿಸಿಕೊಳ್ಳುತ್ತದೆ. ಡೆಲಿಗೇಟ್ ಅದಕ್ಕೆ ಉಸಿರೂ ಬಿಡೋದಿಲ್ಲ, ಅದರ ಲೆಕ್ಕದಲ್ಲಿ ಏನೂ ನಡೆದೇ ಇಲ್ಲ. ಯುಆರ್‌ಎಲ್ ಮೇಲೆ ಕೆವಿಒ ಹಾಕಿದ್ದರೆ ಪ್ರತಿ ಸಲ ಗೊತ್ತಾಗುತ್ತದೆ. ಹಾಗಾಗಿ "ರಿಸಲ್ಟ್ ಪೇಜಿಗೆ ಬಂದಾಗ ಕೆಳಗಿನ ಮೆನು ತೋರಿಸಬೇಕು" ಅನ್ನುವಂಥ ಕೆಲಸಕ್ಕೆ ಡೆಲಿಗೇಟ್ ನಂಬಿದರೆ, ನಿಮ್ಮ ಹಳೇ ಪಿಎಚ್‌ಪಿ ಸೈಟಿನಲ್ಲಿ ಸರಿಯಾಗಿ ನಡೆದದ್ದು ಹೊಸ ಸೈಟು ಬಂದ ದಿನ ನಿಂತುಹೋಗುತ್ತದೆ.

ಆದರೆ ಕೆವಿಒ ಹೇಳುವ ಯುಆರ್‌ಎಲ್ ಪರದೆಗೆ ತೋರಿಸೋಕೆ ಅಂತ ಇರುವಂಥದ್ದು. ಆ್ಯಪೇ ಒಂದು ವಿಳಾಸ ಲೋಡ್ ಮಾಡು ಅಂದಾಗ ಪೇಜ್ ಬರುವ ಮೊದಲೇ ಆ ವಿಳಾಸ ಅಲ್ಲಿ ಕೂತಿರಬಹುದು. ಸರ್ವರ್‌ನಿಂದ ನಿಜವಾಗಿ ಪೇಜ್ ಬಂತು ಅನ್ನೋದು ಖಾತ್ರಿ ಆಗಬೇಕಾದರೆ ಡೆಲಿಗೇಟ್‌ನ ಡಿಡ್‌ಕಮಿಟ್ ನೋಡಿ. ತಡೆಯಬೇಕಾದರೂ ಡೆಲಿಗೇಟೇ ಬೇಕು: ಈ ಲಿಂಕ್ ಒಳಗೆ ತೆರೆಯಬೇಡ, ಹೊರಗೆ ಕಳಿಸು ಅನ್ನುವ ತೀರ್ಮಾನ ಡಿಸೈಡ್‌ಪಾಲಿಸಿಯಲ್ಲಿ ಮಾತ್ರ ಆಗುತ್ತದೆ. ಕೆವಿಒ ಆದದ್ದನ್ನು ಹೇಳುತ್ತದೆ, ತಡೆಯೋಕೆ ಅದರ ಕೈಲಿ ಆಗಲ್ಲ. ಅಂದರೆ ಎರಡೂ ಒಟ್ಟಿಗೆ ಇಟ್ಟುಕೊಳ್ಳೋದು ತಪ್ಪೇನಲ್ಲ, ಬಹಳಷ್ಟು ಆ್ಯಪ್‌ಗಳಲ್ಲಿ ಅದೇ ಸರಿ.

ಕೆವಿಒ ಬರೆಯುವ ಬಗೆ ಮೂರು. ಆ್ಯಡ್‌ಅಬ್ಸರ್ವರ್ ಮಾಡಿ ಅಬ್ಸರ್ವ್‌ವ್ಯಾಲ್ಯೂನಲ್ಲಿ ಸ್ಟ್ರಿಂಗ್ ಹೋಲಿಸುತ್ತಾ ಕೂರುವ ಹಳೆ ಪದ್ಧತಿಯನ್ನು ಹೊಸ ಕೋಡಿನಲ್ಲಿ ತರಬೇಡಿ, ತೆಗೆಯೋದು ಮರೆತರೆ ಕ್ರ್ಯಾಶ್ ಆಗುವ ಹಳೇ ಕಾಟ ಅದರದ್ದು. 2017ರ ಸ್ವಿಫ್ಟ್ 4ರಿಂದ ಕೀಪಾತ್ (ಪ್ರಾಪರ್ಟಿಯ ಗುರುತು) ಕೊಟ್ಟು ಕ್ಲೋಷರ್ (ಅಲ್ಲೇ ಬರೆಯುವ ಪುಟ್ಟ ಫಂಕ್ಷನ್) ಬರೆಯುವ ದಾರಿ ಇದೆ. ಅದು ಒಂದು ಟೋಕನ್ ಕೊಡುತ್ತದೆ, ಅದನ್ನು ಪ್ರಾಪರ್ಟಿಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಹಿಡಿಯದಿದ್ದರೆ ಟೋಕನ್ ಅಲ್ಲೇ ಸತ್ತು ಒಂದು ಕಾಲ್‌ಬ್ಯಾಕೂ ಬರೋದಿಲ್ಲ, ಎರರ್ ಕೂಡ ಇರಲ್ಲ. "ಕೆವಿಒ ಕೆಲಸ ಮಾಡ್ತಿಲ್ಲ" ಅನ್ನುವ ದೂರಿನ ಹಿಂದೆ ಬಹಳ ಸಲ ಇರೋದು ಇಷ್ಟೇ. ಕ್ಲೋಷರ್ ಒಳಗೆ ಸೆಲ್ಫ್ ಅನ್ನು ವೀಕ್ ಆಗಿ, ಅಂದರೆ ಮೆಮೊರಿಯಲ್ಲಿ ಕಟ್ಟಿಹಾಕದಂತೆ, ಹಿಡಿಯಿರಿ. ಆ್ಯಪಲ್‌ನ ಕಂಬೈನ್ ಫ್ರೇಮ್‌ವರ್ಕ್ ಬಳಸುವವರಿಗೆ ಐಒಎಸ್ 13ರಿಂದ ಪಬ್ಲಿಷರ್ ಇದೆ. ಟೈಟಲ್, ಯುಆರ್‌ಎಲ್, ಲೋಡಿಂಗ್ ಮೂರನ್ನೂ ಸೇರಿಸಿ ಒಂದೇ ಸ್ಥಿತಿ ಮಾಡಬೇಕಿದ್ದರೆ ಅದು ಚೆನ್ನಾಗಿ ಒಗ್ಗುತ್ತದೆ, ಒಂದೇ ಪ್ರಾಪರ್ಟಿಗೆ ಅಷ್ಟೆಲ್ಲ ಬೇಡ.

2025ರ ಐಒಎಸ್ 26ರಲ್ಲಿ ಸ್ವಿಫ್ಟ್‌ಯುಐಗೆ ಅಂತಲೇ ವೆಬ್‌ವ್ಯೂ, ಜೊತೆಗೆ ವೆಬ್‌ಪೇಜ್ ಅನ್ನುವ ಅಬ್ಸರ್ವಬಲ್ ಕ್ಲಾಸ್ ಬಂದಿದೆ. ಕೆವಿಒ ಗೋಜೇ ಇಲ್ಲ, ಪ್ರಾಪರ್ಟಿ ಓದಿದರೆ ಸಾಕು, ಪರದೆ ತಾನೇ ಬದಲಾಗುತ್ತದೆ. ಚೆಂದ ಇದೆ. ಆದರೆ ಅಣ್ಣನ ಹಳೇ ಐಫೋನ್ ತಮ್ಮನಿಗೆ ಬರುವ ಊರಲ್ಲಿ ಐಒಎಸ್ 26ಕ್ಕಿಂತ ಕೆಳಗಿನವರನ್ನು ಬಿಟ್ಟುಬಿಡ್ತೀನಿ ಅಂತ ಗ್ರಾಹಕರಿಗೆ ಹೇಳೋ ಧೈರ್ಯ ನನಗಂತೂ ಇಲ್ಲ.

ಆಂಡ್ರಾಯ್ಡಿನಲ್ಲಿ: ಹೆಸರು ನೋಡಿ ಮೋಸ ಹೋಗಬೇಡಿ

ಇಲ್ಲಿ ಕೆವಿಒ ಇಲ್ಲ. ಎರಡು ಕ್ಲಾಸ್‌ಗಳಿವೆ, ವೆಬ್‌ವ್ಯೂಕ್ಲೈಂಟ್ ಮತ್ತು ವೆಬ್‌ಕ್ರೋಮ್‌ಕ್ಲೈಂಟ್. ಪ್ರೋಗ್ರೆಸ್, ಟೈಟಲ್ ಎರಡನೆಯದರಲ್ಲಿ, ಉಳಿದದ್ದು ಮೊದಲನೆಯದರಲ್ಲಿ. ಪ್ರೋಗ್ರೆಸ್ ಇಲ್ಲಿ 0ರಿಂದ 100.

ಆನ್‌ಪೇಜ್‌ಫಿನಿಶ್ಡ್ ಅಂದಾಗ ಪೇಜ್ ಕಣ್ಣಿಗೆ ಕಾಣ್ತಿದೆ ಅಂತ ಅರ್ಥ ಅಲ್ಲ. ಮುಂದಿನ ಫ್ರೇಮ್‌ನಲ್ಲಿ ಪೇಜಿನ ಆ ಸ್ಥಿತಿಯೇ ಮೂಡುತ್ತದೆ ಅನ್ನುವ ಖಾತ್ರಿ ಇಲ್ಲ ಅಂತ ಗೂಗಲ್‌ನ ದಾಖಲೆಯೇ ಹೇಳುತ್ತದೆ. ಸ್ಪ್ಲಾಶ್ ಅಥವಾ ತಿರುಗುವ ಚಕ್ರ ತೆಗೆಯೋಕೆ ಆನ್‌ಪೇಜ್‌ಕಮಿಟ್‌ವಿಸಿಬಲ್ ನೋಡಿ, ಆಂಡ್ರಾಯ್ಡ್ 6ರಿಂದ ಇದೆ. ಹಳೇ ಪೇಜಿನ ಚೂರು ಇನ್ನು ಮುಂದೆ ಕಾಣೋದಿಲ್ಲ ಅನ್ನೋದನ್ನು ಅದು ಹೇಳುತ್ತದೆ. ಸಿಗ್ನಲ್ ಕುಂಟುವ ಕಡೆ, ಉದಾಹರಣೆಗೆ ಗದಗ ಕಡೆಯ ರೈಲಿನಲ್ಲಿ ಕೂತು ನೋಡಿದರೆ ಈ ಎರಡರ ನಡುವಿನ ಅಂತರ ಕಣ್ಣಿಗೇ ಕಾಣುತ್ತದೆ: ಫಿನಿಶ್ಡ್‌ಗೆ ಕಾದರೆ ಯಾವುದೋ ಜಾಹೀರಾತಿನ ಚಿತ್ರ ಬರೋವರೆಗೂ ಚಕ್ರ ತಿರುಗ್ತಾನೇ ಇರುತ್ತದೆ, ಓದಬೇಕಾದ್ದು ಅದರ ಹಿಂದೆ ಬಂದು ಕೂತಿರುತ್ತದೆ.

ಪುಶ್‌ಸ್ಟೇಟ್ ವಿಳಾಸ ಬದಲಾವಣೆಗೆ ಇಲ್ಲಿನ ಉತ್ತರ ಡುಅಪ್‌ಡೇಟ್‌ವಿಸಿಟೆಡ್‌ಹಿಸ್ಟರಿ. ಹೆಸರು ನೋಡಿದರೆ ಹಿಸ್ಟರಿ ಬರೆದಿಡೋಕೆ ಅನ್ನಿಸುತ್ತದೆ, ಅದಕ್ಕೇ ಯಾರೂ ತಿರುಗಿ ನೋಡೋದಿಲ್ಲ. ಬ್ಯಾಕ್ ಬಟನ್ ನೋಡಿಕೊಳ್ಳೋಕೂ ಇದೇ ಜಾಗ. ಇಲ್ಲಿ ಕ್ಯಾನ್‌ಗೋಬ್ಯಾಕ್ ಕೇಳಿ, ಅದರಂತೆ ನಿಮ್ಮ ಬ್ಯಾಕ್ ಕಾಲ್‌ಬ್ಯಾಕನ್ನು ಹಚ್ಚಿ ಅಥವಾ ಆರಿಸಿ. ಐಫೋನಿನಲ್ಲಿ ಇದೇ ಕೆಲಸಕ್ಕೆ ಕ್ಯಾನ್‌ಗೋಬ್ಯಾಕ್ ಮೇಲೆ ಕೆವಿಒ.

ಇನ್ನು ಶುಡ್‌ಓವರ್‌ರೈಡ್‌ಯುಆರ್‌ಎಲ್‌ಲೋಡಿಂಗ್. ವಿಳಾಸ ಗಮನಿಸೋಕೆ ಇದನ್ನೇ ಎಲ್ಲರೂ ಬಳಸೋದು, ಮತ್ತು ಇದಕ್ಕೆ ಆ ಕೆಲಸ ಒಗ್ಗೋದಿಲ್ಲ. ಇದು ಬಿಡಬೇಕೋ ಬೇಡವೋ ಅಂತ ಕೇಳುವ ಬಾಗಿಲು. ನೀವೇ ಲೋಡ್‌ಯುಆರ್‌ಎಲ್ ಕರೆದರೆ ಬರೋದಿಲ್ಲ. ಪೋಸ್ಟ್ ರಿಕ್ವೆಸ್ಟ್‌ಗೂ (ಮಾಹಿತಿಯನ್ನು ವಿಳಾಸದಲ್ಲಿ ಇಡದೆ ಒಳಗಿಟ್ಟು ಕಳಿಸೋದು) ಬರೋದಿಲ್ಲ, ದುಡ್ಡಿನ ವಿಷಯಕ್ಕೆ ಇದು ದೊಡ್ಡ ಮಾತು. ಪೇಮೆಂಟ್ ಮುಗಿದು ನಿಮ್ಮ ಸೈಟಿಗೆ ವಾಪಸ್ ಬರುವ ಹೆಜ್ಜೆ ಬಹಳ ಕಡೆ ಪೋಸ್ಟ್ ಫಾರ್ಮ್ ಆಗಿರುತ್ತದೆ. ಟೆಸ್ಟ್ ಮೋಡ್‌ನಲ್ಲಿ ಗೆಟ್ (ಮಾಹಿತಿ ವಿಳಾಸದಲ್ಲೇ ಹೋಗೋದು) ಇತ್ತು, ಎಲ್ಲ ಸರಿ ಇತ್ತು. ಲೈವ್ ಹೋದ ಮೇಲೆ ಪೋಸ್ಟ್ ಬಂತು, ಆ್ಯಪ್‌ಗೆ ಸುಳಿವೇ ಸಿಗಲಿಲ್ಲ. ಐಫೋನಿನ ಡಿಸೈಡ್‌ಪಾಲಿಸಿ ಪೋಸ್ಟ್‌ಗೂ ಬರುತ್ತದೆ, ಅದಕ್ಕೇ "ಐಫೋನಿನಲ್ಲಿ ಆಗುತ್ತೆ, ಆಂಡ್ರಾಯ್ಡಿನಲ್ಲಿ ಆಗಲ್ಲ" ಅನ್ನುವ ಗೊಂದಲ. ಆಂಡ್ರಾಯ್ಡಿನಲ್ಲಿ ವಾಪಸ್ ಬಂದ ವಿಳಾಸ ಹಿಡಿಯೋಕೆ ಆನ್‌ಪೇಜ್‌ಸ್ಟಾರ್ಟೆಡ್ ನೋಡಿ.

ಎರರ್‌ಗಳಲ್ಲೂ ಎರಡು ಕಡೆ ಎರಡು ತರಹ. ಆಂಡ್ರಾಯ್ಡ್ 6ರಿಂದ ಈಚೆಗೆ ಆನ್‌ರಿಸೀವ್ಡ್‌ಎರರ್ ಪೇಜಿನ ಯಾವುದೇ ಚೂರು ಬರದಿದ್ದರೂ ಕೂಗುತ್ತದೆ. ಒಂದು ಚಿಕ್ಕ ಐಕಾನ್ ಬರಲಿಲ್ಲ ಅಂತ ಇಡೀ ಪರದೆಗೆ "ಇಂಟರ್ನೆಟ್ ಇಲ್ಲ" ಅಂತ ತೋರಿಸುವ ಆ್ಯಪ್‌ಗಳನ್ನು ನೀವೂ ನೋಡಿರ್ತೀರಿ, ಅಲ್ವಾ? ಅದು ಮೇನ್ ಫ್ರೇಮಿನದ್ದಾ, ಅಂದರೆ ಮುಖ್ಯ ಪೇಜಿನದ್ದೇನಾ, ಅಂತ ಮೊದಲು ಕೇಳಿ. ಐಫೋನಿನದ್ದು ಉಲ್ಟಾ: ಸರ್ವರ್ 404 ಅಥವಾ 500 ಕೊಟ್ಟರೂ ಅದರ ಮಟ್ಟಿಗೆ ಒಂದು ಪೇಜ್ ಬಂತು, ಹಾಗಾಗಿ ಡಿಡ್‌ಫಿನಿಶ್ ಅನ್ನುತ್ತದೆ. ಸ್ಟೇಟಸ್ ಕೋಡ್ ಬೇಕಾದರೆ ನ್ಯಾವಿಗೇಶನ್ ರೆಸ್ಪಾನ್ಸ್ ಮೇಲಿನ ಡಿಸೈಡ್‌ಪಾಲಿಸಿಯಲ್ಲಿ ಓದಬೇಕು. ಮತ್ತೆ -999 ಅನ್ನುವ ಎರರ್ ಬಂದರೆ ಗಾಬರಿ ಬೇಡ, ಒಂದು ಲೋಡ್ ನಡೀತಿದ್ದಾಗ ಇನ್ನೊಂದು ಶುರುವಾಗಿ ಮೊದಲನೆಯದು ರದ್ದಾಯ್ತು ಅಂತ ಅಷ್ಟೇ, ಬಳಕೆದಾರರಿಗೆ ತೋರಿಸೋ ವಿಷಯ ಅಲ್ಲ.

ಪೇಜ್ ಒಳಗಿನದ್ದು ಬೇಕಾದರೆ

ಟೆಸ್ಟ್ ಸಬ್ಮಿಟ್ ಆಯ್ತಾ, ಬುಟ್ಟಿಗೆ ಎಷ್ಟು ಸಾಮಾನು ಬಿತ್ತು, ಲಾಗಿನ್ ಆದವರು ಯಾರು: ಇವು ಲೋಡಿಂಗ್‌ನಲ್ಲೂ ಇಲ್ಲ, ವಿಳಾಸದಲ್ಲೂ ಇಲ್ಲ. ಇಲ್ಲಿ ಜನ ಮಾಡೋದು ಟೈಮರ್ ಇಟ್ಟು ಸೆಕೆಂಡಿಗೊಮ್ಮೆ ಜಾವಾಸ್ಕ್ರಿಪ್ಟ್ ಓಡಿಸಿ ಕೇಳೋದು. ಒಲೆ ಮುಂದೆ ಕೂತ ಅವ್ವನಿಗೆ ನಿಮಿಷಕ್ಕೊಮ್ಮೆ "ರೊಟ್ಟಿ ಆತೇನವಾ" ಅಂದ ಹಾಗೆ, ರೊಟ್ಟಿ ಬೇಗ ಆಗೋದಿಲ್ಲ, ಬೈಗುಳ ಮಾತ್ರ ಗ್ಯಾರಂಟಿ. ಬ್ಯಾಟರಿ ಹೋಗುತ್ತದೆ, ಎರಡು ಸಲ ಕೇಳುವ ನಡುವೆ ಬಂದು ಹೋದ ಬದಲಾವಣೆ ತಪ್ಪಿಹೋಗುತ್ತದೆ.

ಪೇಜ್ ನಿಮ್ಮದಾಗಿದ್ದರೆ ಪೇಜೇ ಹೇಳಲಿ. ಐಫೋನಿನಲ್ಲಿ ಸ್ಕ್ರಿಪ್ಟ್ ಮೆಸೇಜ್ ಹ್ಯಾಂಡ್ಲರ್ ಒಂದನ್ನು ಹೆಸರಿಟ್ಟು ಸೇರಿಸಿ, ಪೇಜಿನ ಕೋಡಿನಲ್ಲಿ ಆ ಹೆಸರಿಗೆ ಪೋಸ್ಟ್‌ಮೆಸೇಜ್ ಮಾಡಿದರೆ ಮುಗಿಯಿತು. ಒಂದು ಗುಂಡಿ ಇದೆ: ಯೂಸರ್‌ಕಂಟೆಂಟ್‌ಕಂಟ್ರೋಲರ್ ನಿಮ್ಮ ಹ್ಯಾಂಡ್ಲರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ವ್ಯೂಕಂಟ್ರೋಲರನ್ನೇ ಹ್ಯಾಂಡ್ಲರ್ ಮಾಡಿದರೆ ಅದು ವೆಬ್‌ವ್ಯೂವನ್ನು ಹಿಡಿದಿರುತ್ತದೆ, ವೆಬ್‌ವ್ಯೂ ಇದನ್ನು ಹಿಡಿದಿರುತ್ತದೆ, ಪರದೆ ಮುಚ್ಚಿದರೂ ಇಬ್ಬರೂ ಮೆಮೊರಿಯಿಂದ ಹೋಗೋದಿಲ್ಲ. ನಡುವೆ ವೀಕ್ ಆಗಿ ಹಿಡಿಯುವ ಚಿಕ್ಕ ಕ್ಲಾಸೊಂದನ್ನು ಇಡಿ, ಇಲ್ಲಾ ಹೊರಡುವಾಗ ಹ್ಯಾಂಡ್ಲರ್ ತೆಗೆಯಿರಿ. ಪೇಜಿಗೆ ಉತ್ತರವೂ ಕೊಡಬೇಕಿದ್ದರೆ ಐಒಎಸ್ 14ರಿಂದ ರಿಪ್ಲೈ ಇರುವ ಹ್ಯಾಂಡ್ಲರ್ ಇದೆ, ಪೇಜಿನಲ್ಲಿ ಅದು ಪ್ರಾಮಿಸ್ ಆಗಿ ಸಿಗುತ್ತದೆ.

ಆಂಡ್ರಾಯ್ಡಿನಲ್ಲಿ ಎರಡು ಆಯ್ಕೆ. ಹಳೆಯದು ಆ್ಯಡ್‌ಜಾವಾಸ್ಕ್ರಿಪ್ಟ್‌ಇಂಟರ್‌ಫೇಸ್. ಸುಲಭ, ಎಲ್ಲ ಕಡೆ ನಡೆಯುತ್ತದೆ. ಆದರೆ ಅದರ ಮೆಥಡ್‌ಗಳು ಬೇರೆ ಥ್ರೆಡ್‌ನಲ್ಲಿ ಓಡುತ್ತವೆ, ಅಲ್ಲಿಂದ ನೇರ ಪರದೆ ಮುಟ್ಟಿದರೆ ಕ್ರ್ಯಾಶ್. ಅದಕ್ಕಿಂತ ದೊಡ್ಡದು, ಪೇಜ್ ಒಳಗಿನ ಎಲ್ಲ ಐಫ್ರೇಮ್‌ಗಳಿಗೂ (ಪೇಜೊಳಗೆ ಕೂರಿಸಿದ ಬೇರೆ ಪೇಜುಗಳು) ಅದು ಕಾಣುತ್ತದೆ, ಕರೆದವರು ಯಾರು ಅಂತ ಗೊತ್ತಾಗೋದಿಲ್ಲ. ನಿಮ್ಮ ಪೇಜಿನಲ್ಲಿ ಹೊರಗಿನ ಜಾಹೀರಾತಿನ ಐಫ್ರೇಮ್ ಇದ್ದರೆ ಅದೂ ನಿಮ್ಮ ಆ್ಯಪ್ ಜೊತೆ ಮಾತಾಡಬಹುದು. ಹೊಸದು ಆಂಡ್ರಾಯ್ಡ್‌ಎಕ್ಸ್ ವೆಬ್‌ಕಿಟ್ ಲೈಬ್ರರಿಯ ಆ್ಯಡ್‌ವೆಬ್‌ಮೆಸೇಜ್‌ಲಿಸನರ್. ಯಾವ ಸೈಟುಗಳಿಗೆ ಮಾತ್ರ ಬಾಗಿಲು ತೆರೆಯಬೇಕು ಅಂತ ಮೊದಲೇ ಪಟ್ಟಿ ಕೊಡುತ್ತೀರಿ, ಬಂದ ಮೆಸೇಜಿನ ಜೊತೆ ಕಳಿಸಿದವರ ಮೂಲವೂ ಬರುತ್ತದೆ, ಅದೂ ಮೇನ್ ಥ್ರೆಡ್‌ನಲ್ಲೇ. ಫೋನಿನ ವೆಬ್‌ವ್ಯೂ ಹಳೆಯದಾಗಿದ್ದರೆ ಇದು ಇರದೇ ಇರಬಹುದು, ಹಾಗಾಗಿ ವೆಬ್‌ವ್ಯೂಫೀಚರ್ ಕೇಳಿ ನೋಡಿ ಬಳಸಬೇಕು. ಆಂಡ್ರಾಯ್ಡ್ 5ರಿಂದ ವೆಬ್‌ವ್ಯೂ ಪ್ಲೇ ಸ್ಟೋರ್ ಮೂಲಕ ಅಪ್‌ಡೇಟ್ ಆಗುತ್ತದೆ, ಆದರೆ ಜಾಗ ಇಲ್ಲ ಅಂತ ಅಪ್‌ಡೇಟ್ ನಿಲ್ಲಿಸಿದ ಫೋನುಗಳು ನಮ್ಮಲ್ಲಿ ಇದ್ದೇ ಇವೆ. ಹೊಸ ಕೆಲಸಕ್ಕೆ ನಾನು ಲಿಸನರನ್ನೇ ಆರಿಸೋದು.

ಪೇಜ್ ಬೇರೆಯವರದಾಗಿದ್ದರೆ? ನೀವೇ ಸ್ಕ್ರಿಪ್ಟ್ ತುರುಕಿ, ಪೇಜಿನ ರಚನೆ ಬದಲಾದಾಗ ಹೇಳುವ ಮ್ಯುಟೇಶನ್‌ಅಬ್ಸರ್ವರ್ ಹಚ್ಚಿ ಕಾಯಬಹುದು. ಐಫೋನಿನಲ್ಲಿ ಯೂಸರ್‌ಸ್ಕ್ರಿಪ್ಟ್, ಆಂಡ್ರಾಯ್ಡಿನಲ್ಲಿ ಆ್ಯಡ್‌ಡಾಕ್ಯುಮೆಂಟ್‌ಸ್ಟಾರ್ಟ್‌ಜಾವಾಸ್ಕ್ರಿಪ್ಟ್. ಐಒಎಸ್ 14ರ ನಂತರ ನಿಮ್ಮ ಸ್ಕ್ರಿಪ್ಟನ್ನು ಬೇರೆ ಕಂಟೆಂಟ್ ವರ್ಲ್ಡ್‌ನಲ್ಲಿ ಇಡಬಹುದು, ಪೇಜಿನ ಕೋಡ್ ಜೊತೆ ಹೆಸರು ಡಿಕ್ಕಿ ಆಗೋದಿಲ್ಲ. ಡಾಮ್, ಅಂದರೆ ಪೇಜಿನ ರಚನೆ, ಎರಡಕ್ಕೂ ಒಂದೇ ಆದ್ದರಿಂದ ಮ್ಯುಟೇಶನ್‌ಅಬ್ಸರ್ವರ್ ಅಲ್ಲೂ ನಡೆಯುತ್ತದೆ, ಆದರೆ ಪೇಜಿನ ಪುಶ್‌ಸ್ಟೇಟನ್ನು ಅಲ್ಲಿಂದ ಬದಲಿಸಿದರೆ ಪೇಜಿಗೆ ಅದು ತಾಕೋದೇ ಇಲ್ಲ. ತಾಂತ್ರಿಕವಾಗಿ ಎಲ್ಲ ಸರಿ, ಆದರೂ ಇದು ಕಡೆಯ ದಾರಿ ಅಂತಲೇ ನನ್ನ ಅಭಿಪ್ರಾಯ. ಅವರು ಒಂದು ಬಟನ್‌ನ ಕ್ಲಾಸ್ ಹೆಸರು ಬದಲಿಸಿದ ದಿನ ನಿಮ್ಮ ಆ್ಯಪ್ ಕುರುಡಾಗುತ್ತದೆ, ನಿಮಗೆ ಯಾರೂ ಹೇಳೋದಿಲ್ಲ, ಗ್ರಾಹಕರು ಬೈಯೋದು ನಿಮಗೇ. ಮಾಕ್ ಟೆಸ್ಟ್ ಕೊಡುವ ಕಂಪನಿಗೆ "ಸಬ್ಮಿಟ್ ಆದ ಮೇಲೆ ಈ ವಿಳಾಸಕ್ಕೆ ಕಳಿಸಿ" ಅಂತ ಒಂದು ಮೇಲ್ ಹಾಕಿ ಒಪ್ಪಿಸಿಕೊಳ್ಳೋದು ಎಷ್ಟೋ ವಾಸಿ. ಆಗ ವಿಳಾಸ ನೋಡಿದರೆ ಸಾಕು. ಬ್ಯಾಂಕಿನ ಪೇಜಿಗಂತೂ ಸ್ಕ್ರಿಪ್ಟ್ ತುರುಕೋಕೆ ಹೋಗಲೇಬೇಡಿ.

ದುಡ್ಡಿನ ವಿಷಯ ಬೇರೆ

ವಿಳಾಸದಲ್ಲಿ ಸಕ್ಸೆಸ್ ಅಂತ ಬಂತು ಅಂದರೆ ದುಡ್ಡು ಬಂತು ಅಂತ ಅಲ್ಲ. ಆ ವಿಳಾಸವನ್ನು ಯಾರು ಬೇಕಾದರೂ ತೆರೆಯಬಹುದು. ಬರಲಿಲ್ಲ ಅಂದರೆ ದುಡ್ಡು ಹೋಗಿಲ್ಲ ಅಂತಲೂ ಅಲ್ಲ. ಯುಪಿಐನಲ್ಲಿ ಇದು ಇನ್ನೂ ಜಾಸ್ತಿ: ಪೇಜು ಯುಪಿಐ ಲಿಂಕ್ ಕೊಡುತ್ತದೆ, ವೆಬ್‌ವ್ಯೂಗೆ ಆ ಲಿಂಕ್ ತೆರೆಯೋಕೆ ಬರೋದಿಲ್ಲ, ನೀವು ತಡೆದು ಫೋನಿನ ಯುಪಿಐ ಆ್ಯಪ್‌ಗೆ ಕಳಿಸಬೇಕು. ಬಳಕೆದಾರರು ಅಲ್ಲಿ ಪಿನ್ ಹಾಕುವಾಗ ನಿಮ್ಮ ಆ್ಯಪ್ ಹಿಂದೆ ಬಿದ್ದಿರುತ್ತದೆ. ರ್‍ಯಾಮ್ ಕಡಿಮೆ ಇರುವ ಫೋನಾದರೆ ಸಿಸ್ಟಮ್ ಅದನ್ನು ಮುಗಿಸಿಯೂ ಬಿಟ್ಟಿರಬಹುದು. ವಾಪಸ್ ಬಂದಾಗ ನೋಡೋಕೆ ಪೇಜೇ ಇಲ್ಲ, ಕೆವಿಒ ಹಚ್ಚಿದ್ದರೂ ಅಷ್ಟೇ, ಪೇಜಿಗೂ ಆ್ಯಪ್‌ಗೂ ನಡುವೆ ಮೆಸೇಜಿನ ದಾರಿ ಕಟ್ಟಿದ್ದರೂ ಅಷ್ಟೇ. ಪೇಮೆಂಟ್ ಗೇಟ್‌ವೇಯ ವೆಬ್‌ಹುಕ್ (ಗೇಟ್‌ವೇ ತಾನೇ ಕಳಿಸುವ ಸುದ್ದಿ) ನಿಮ್ಮ ಸರ್ವರ್‌ಗೆ ಬರಲಿ, ಆ್ಯಪ್ ಮತ್ತೆ ಮುಂದೆ ಬಂದಾಗ ಆರ್ಡರ್ ನಂಬರ್ ಹಿಡಿದು ನಿಮ್ಮ ಸರ್ವರನ್ನೇ ಕೇಳಲಿ. ವೆಬ್‌ವ್ಯೂ ವಿಳಾಸವನ್ನು "ಈಗ ಕೇಳು" ಅನ್ನುವ ಸೂಚನೆಯಾಗಿ ಮಾತ್ರ ಬಳಸಿ.

ವೆಬ್‌ವ್ಯೂ ಸಾಯೋದನ್ನೂ ಗಮನಿಸಬೇಕು. ಐಫೋನಿನಲ್ಲಿ ವೆಬ್ ಕಂಟೆಂಟ್ ಪ್ರಾಸೆಸ್ ಬೇರೆ, ಅದು ಸತ್ತರೆ ಬಿಳಿ ಪರದೆ ಉಳಿಯುತ್ತದೆ. ಅದಕ್ಕೊಂದು ಡೆಲಿಗೇಟ್ ಕಾಲ್‌ಬ್ಯಾಕ್ ಇದೆ, ಅಲ್ಲಿ ರೀಲೋಡ್ ಮಾಡಿ. ಆಂಡ್ರಾಯ್ಡ್ 8ರಿಂದ ಆನ್‌ರೆಂಡರ್‌ಪ್ರಾಸೆಸ್‌ಗಾನ್ ಇದೆ. ಅದನ್ನು ಬರೆದು ಟ್ರೂ ಅನ್ನದಿದ್ದರೆ ವೆಬ್‌ವ್ಯೂ ಜೊತೆ ನಿಮ್ಮ ಆ್ಯಪೂ ಬೀಳುತ್ತದೆ. ಮೂರು ತಾಸಿನ ಟೆಸ್ಟ್ ಬರೆಯುತ್ತಾ ಕೂತ ಹುಡುಗಿಯ ಫೋನಿನಲ್ಲಿ ಹೀಗಾದರೆ ಏನಾಗುತ್ತೆ ಅಂತ ಮೊದಲೇ ಯೋಚಿಸಿ, ಉತ್ತರಗಳು ಆಗಾಗ ಸರ್ವರ್‌ಗೆ ಹೋಗ್ತಿವೆಯಾ ಅಂತ ಕೇಳಿಕೊಳ್ಳಿ.

ಫ್ಲಟರ್, ರಿಯಾಕ್ಟ್ ನೇಟಿವ್

ಒಂದೇ ಕೋಡಿನಿಂದ ಎರಡೂ ತರಹದ ಫೋನಿಗೆ ಆ್ಯಪ್ ಮಾಡುವ ಇವುಗಳಲ್ಲಿ ಹೊಸದೇನೂ ಇಲ್ಲ, ಮೇಲಿನದ್ದರ ಮೇಲೆ ಹೊದಿಕೆ ಅಷ್ಟೇ. ವೆಬ್‌ವ್ಯೂ ಫ್ಲಟರ್ ಪ್ಯಾಕೇಜಿನ ಆನ್‌ಯುಆರ್‌ಎಲ್‌ಚೇಂಜ್ ಐಫೋನಿನಲ್ಲಿ ಕೆವಿಒ, ಆಂಡ್ರಾಯ್ಡಿನಲ್ಲಿ ಡುಅಪ್‌ಡೇಟ್‌ವಿಸಿಟೆಡ್‌ಹಿಸ್ಟರಿ. ಆನ್‌ಪೇಜ್‌ಫಿನಿಶ್ಡ್ ಬಿಟ್ಟು ಇದನ್ನು ಹಿಡಿದರೆ ಸಿಂಗಲ್ ಪೇಜ್ ಸೈಟಿನ ತಲೆನೋವು ಬಹಳಷ್ಟು ಹೋಗುತ್ತದೆ. ಒಳಗಿನ ಮಾತಿಗೆ ಜಾವಾಸ್ಕ್ರಿಪ್ಟ್ ಚಾನೆಲ್. ರಿಯಾಕ್ಟ್ ನೇಟಿವ್‌ನಲ್ಲಿ ಆನ್‌ನ್ಯಾವಿಗೇಶನ್‌ಸ್ಟೇಟ್‌ಚೇಂಜ್ ಮತ್ತು ಆನ್‌ಮೆಸೇಜ್, ಮೆಸೇಜ್ ಸ್ಟ್ರಿಂಗ್ ಆಗಿ ಮಾತ್ರ ಬರುತ್ತದೆ, ಜೇಸನ್ ಮಾಡಿ ಕಳಿಸಿ. ಹೊದಿಕೆ ಹರಿದಾಗ ಕೆಳಗಿನದ್ದು ಗೊತ್ತಿರಬೇಕು, ಅದಕ್ಕೇ ಅಷ್ಟು ಹೊತ್ತು ಮೇಲಿನದ್ದನ್ನು ಹೇಳಿದ್ದು.

ಗಮನಿಸೋದೇ ಬೇಡ ಅನ್ನುವ ಪೇಜಿಗೆ ವೆಬ್‌ವ್ಯೂ ಕೂಡ ಬೇಡ. ಫೋನಿನ ಬ್ರೌಸರನ್ನೇ ಆ್ಯಪ್ ಮೇಲೆ ತೋರಿಸುವ ದಾರಿ ಇದೆ: ಆಂಡ್ರಾಯ್ಡಿನಲ್ಲಿ ಕಸ್ಟಮ್ ಟ್ಯಾಬ್, ಐಫೋನಿನಲ್ಲಿ ಸಫಾರಿ ವ್ಯೂ ಕಂಟ್ರೋಲರ್ ತೆರೆಯಿರಿ. ಗೂಗಲ್ ಲಾಗಿನ್ ವೆಬ್‌ವ್ಯೂ ಒಳಗೆ ನಡೆಯೋದೂ ಇಲ್ಲ, ಗೂಗಲ್ಲೇ ತಡೆದಿದೆ. ಅದಕ್ಕೆ ಐಫೋನಿನಲ್ಲಿ ವೆಬ್ ಅಥೆಂಟಿಕೇಶನ್ ಸೆಶನ್ ಅಂತಲೇ ಇದೆ.

ಏನು ಆರಿಸಿದರೂ ಕಾಲ್‌ಬ್ಯಾಕ್‌ಗಳು ಯಾವ ಕ್ರಮದಲ್ಲಿ ಬರ್ತಿವೆ ಅಂತ ಲಾಗ್ ಹಾಕಿ ಒಮ್ಮೆ ಕಣ್ಣಾರೆ ನೋಡಿ. ಆಂಡ್ರಾಯ್ಡಿನಲ್ಲಿ ವೆಬ್‌ವ್ಯೂ ಡಿಬಗ್ಗಿಂಗ್ ಹಚ್ಚಿದರೆ ಕಂಪ್ಯೂಟರಿನ ಕ್ರೋಮ್‌ನಿಂದ ಒಳಗೆ ಇಣುಕಬಹುದು. ಐಫೋನಿನಲ್ಲಿ ಐಒಎಸ್ 16.4ರಿಂದ ಇನ್‌ಸ್ಪೆಕ್ಟಬಲ್ ಅನ್ನುವ ಪ್ರಾಪರ್ಟಿ ಟ್ರೂ ಮಾಡದಿದ್ದರೆ ಸಫಾರಿಯಲ್ಲಿ ನಿಮ್ಮ ವೆಬ್‌ವ್ಯೂ ಕಾಣೋದೇ ಇಲ್ಲ. ಎರಡನ್ನೂ ರಿಲೀಸ್ ಬಿಲ್ಡ್‌ನಲ್ಲಿ ಆಫ್ ಮಾಡಿ ಕಳಿಸಿ.